ಟಾರಲ್ಡ್ ಕೊಡದ ನರಿಗಳು

ಮೇ ತಿಂಗಳಲ್ಲಿ ಟಾರಲ್ಡನ ಮನೆಯ ಕಡೆ ಯಾರೂ ಸುಳಿಯುತ್ತಿರಲಿಲ್ಲ. ಬರಬಾರದೆಂದು ಅವನೇ ರಸ್ತೆಯ ತಿರುವಿನಲ್ಲಿ ಒಂದು ಹಗ್ಗ ಕಟ್ಟಿ, ಅದಕ್ಕೊಂದು ಕೆಂಪು ಬಟ್ಟೆಯ ಚೂರು ಸಿಕ್ಕಿಸುತ್ತಿದ್ದ. ಅದು ನರಿಗಳು ಮರಿ ಹಾಕುವ ತಿಂಗಳು. ಬೆಚ್ಚಿದ ಹೆಣ್ಣುನರಿ ತನ್ನ ಮರಿಗಳನ್ನು ತಾನೇ ಕಚ್ಚಿ ಕೊಲ್ಲುತ್ತದೆ, ಕೆಲವೊಮ್ಮೆ ತಿಂದೂಬಿಡುತ್ತದೆ. ಬಕೆಟ್ಟೊಂದು ಕೈಜಾರಿ ಬಿದ್ದರೆ ಸಾಕು, ಗುರುತಿಲ್ಲದ ನಾಯಿಯೊಂದು ಬೊಗಳಿದರೆ ಸಾಕು. ಹಾಗಾಗಿ ಮೇ ಬಂತೆಂದರೆ ಟಾರಲ್ಡ್ ಟ್ರ್ಯಾಕ್ಟರ್ ಹೊರಗೆ ತೆಗೆಯುತ್ತಿರಲಿಲ್ಲ. ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು ಮುಚ್ಚುತ್ತಿದ್ದ. ಕೆಮ್ಮು ಬಂದರೆ ತೋಳಿಗೆ ಬಾಯಿಟ್ಟು ಕೆಮ್ಮುತ್ತಿದ್ದ. ಹೊಸ ಅಂಗಿ ತೊಡುತ್ತಿರಲಿಲ್ಲ. ಅದೇ ಹಸಿರು ಟೊಪ್ಪಿ, ಅದೇ ಮಾಸಿದ ಮೇಲಂಗಿ, ಕೊಟ್ಟಿಗೆಗೆ ಕಾಲಿಡುವ ಮುಂಚೆ ಅದೇ ಸಣ್ಣ ಸಿಳ್ಳೆ. ವರ್ಷಕ್ಕೊಂದು ತಿಂಗಳು ಮಾಡಬೇಕಾದ್ದು ಬರಬರುತ್ತ ಮೈಗಂಟಿಕೊಂಡು ಅವನ ಸ್ವಭಾವವೇ ಆಗಿಹೋಯಿತು. ಅಂಗಡಿಯಲ್ಲೂ ಅವನು ಎದುರಿನವರನ್ನು ಬೆಚ್ಚಿಸಬಾರದೆಂಬಂತೆ ಮೆಲ್ಲಗೆ ಮಾತಾಡುತ್ತಿದ್ದ. ಅಂಗಡಿಯವರು ಎರಡೆರಡು ಸಲ "ಏನಂದ್ರಿ?" ಎಂದು ಕೇಳಬೇಕಾಗುತ್ತಿತ್ತು.

ಯೇರನ್ ಬಯಲಿನ ಆ ಕಲ್ಲುನೆಲದಲ್ಲಿ ಮೊದಲು ನರಿಯ ಪಂಜರ ಇಟ್ಟವನು ಅವನ ತಂದೆ. ತಂದೆ ತೀರಿಕೊಂಡಾಗ ಟಾರಲ್ಡನಿಗೆ ಇನ್ನೂ ಇಪ್ಪತ್ತು ದಾಟಿರಲಿಲ್ಲ. ತಂಗಿ ಸಿಗ್ನೆ ಸ್ತಾವಾಂಗರ್ ಪೇಟೆಗೆ ಹೋಗಿ ಅಲ್ಲೇ ಮದುವೆಯಾದಳು. ಇವನು ಉಳಿದ. ಆ ಕಾಲಕ್ಕೆ ನಮ್ಮ ಕಡೆ ನರಿ ಸಾಕುವುದೆಂದರೆ ಹಸು ಸಾಕುವಷ್ಟೇ ಮರ್ಯಾದೆಯ ಕಸುಬು. ಉದ್ದನೆಯ ಚಾವಣಿಯಡಿ ಎರಡು ಸಾಲು ತಂತಿಯ ಪಂಜರ, ನಡುವೆ ಓಡಾಡಲು ದಾರಿ. ಇವನು ಸಾಕಿದ್ದು ನೀಲಿ ನರಿಗಳನ್ನು. ಹೆಸರಿಗೆ ನೀಲಿ, ಮೈಬಣ್ಣ ಮಾತ್ರ ಹೊಗೆಗೆ ಬೂದಿ ಬೆರೆಸಿದಂಥದು.

ಬೇರೆಯವರು ತುಪ್ಪಳದ ಉದ್ದ, ಮೈಯ ಗಾತ್ರ ನೋಡಿ ತಳಿಗೆ ಆರಿಸಿದರೆ ಟಾರಲ್ಡ್ ಇನ್ನೊಂದನ್ನೂ ನೋಡುತ್ತಿದ್ದ. ಅವನು ಸಿಳ್ಳೆ ಹಾಕಿ ಒಳಗೆ ಬಂದಾಗ ಹಿಂದಿನ ಮೂಲೆಯಲ್ಲಿ ಮುದುರಿಕೊಳ್ಳುವ ನರಿಯನ್ನು ತಳಿಗೆ ಉಳಿಸಿಕೊಳ್ಳುತ್ತಿರಲಿಲ್ಲ. ಮುಂದಕ್ಕೆ ಬಂದು ತಂತಿಗೆ ಮೂತಿ ಒತ್ತುವುದನ್ನು ಉಳಿಸಿಕೊಳ್ಳುತ್ತಿದ್ದ. ತಲೆಮಾರಿನ ಮೇಲೆ ತಲೆಮಾರು ಹೀಗೇ ಆರಿಸುತ್ತ ಬಂದು, ಕೊನೆಗೆ ಅವನ ಕೊಟ್ಟಿಗೆಯ ನರಿಗಳೆಂದರೆ ಮನುಷ್ಯನಿಗೆ ಹೆದರದ ನರಿಗಳು ಎಂದು ಊರೂರಲ್ಲಿ ಹೆಸರಾಯಿತು. 'ಟಾರಲ್ಡನ ಹೆಣ್ಣುಗಳು' ಎಂದು ಸಾಕುವವರು ಹುಡುಕಿಕೊಂಡು ಬರುತ್ತಿದ್ದರು. ಅವನ್ನೂ ಅವನು ನವೆಂಬರ್ ಬಂದಾಗ ಉಳಿದ ಎಲ್ಲರಂತೆ ಕರೆಂಟು ಕೊಟ್ಟು ಕೊಂದು ಚರ್ಮ ಸುಲಿಯುತ್ತಿದ್ದ, ತಳಿಗೆ ಬೇಕಾದ್ದಷ್ಟನ್ನು ಬಿಟ್ಟು. ಹೆದರದ ನರಿಯನ್ನು ಹಿಡಿಯುವುದು ಸುಲಭ. ಆ ಮಾತನ್ನು ಅವನು ಬಾಯಿಬಿಟ್ಟು ಯಾರಿಗೂ ಹೇಳಿದವನಲ್ಲ.

ನರಿಯ ನಾತ ಬಲು ಗಟ್ಟಿ. ತೊಳೆದರೆ ಹೋಗುವುದಿಲ್ಲ; ಕೂದಲಲ್ಲಿ, ಉಗುರಲ್ಲಿ, ಕಾರಿನ ಸೀಟಿನಲ್ಲಿ ಮನೆ ಮಾಡಿಕೊಳ್ಳುತ್ತದೆ. ಹರೆಯದಲ್ಲೊಮ್ಮೆ ಬ್ರೂನೆ ಪಟ್ಟಣದ ಕುಣಿತಕ್ಕೆ ಹೋಗಿದ್ದ. ಅರ್ಧ ಹಾಡಿನವರೆಗೆ ಅವನ ಜತೆ ಹೆಜ್ಜೆ ಹಾಕಿದ ಹುಡುಗಿಯೊಬ್ಬಳು, "ನಿಮ್ಮನೇಲಿ ನರಿ ಇದಾವಾ?" ಎಂದಳು. ಇವನು ಹೂಂ ಅಂದ. "ಒಂಚೂರು ನೀರು ಕುಡಿದು ಬರ್ತೀನಿ" ಎಂದು ಹೋದವಳು ತಿರುಗಿ ಬರಲಿಲ್ಲ. ಟಾರಲ್ಡ್ ಇನ್ನೂ ಎರಡು ಹಾಡು ಮುಗಿಯುವತನಕ ಅಲ್ಲೇ ನಿಂತಿದ್ದು ಆಮೇಲೆ ಮನೆಗೆ ಬಂದ. ಊರಿನ ಪ್ರಾರ್ಥನಾ ಮನೆಯಲ್ಲಿ ಅವನು ಹಿಂದಿನ ಬೆಂಚಿನ ತುದಿಗೆ ಕೂರುತ್ತಿದ್ದ. ಉಳಿದ ಬೆಂಚು ಖಾಲಿ. ಯಾರೂ ಏನೂ ಅನ್ನುತ್ತಿರಲಿಲ್ಲ, ಆದರೆ ಖಾಲಿ ಬೆಂಚಿಗಿಂತ ಹೆಚ್ಚಿಗೆ ಏನು ಅನ್ನಬೇಕು?

ಅವನ ಪಕ್ಕ ನಿಂತು ಮೂಗು ಸೊಟ್ಟ ಮಾಡದವಳು ಒಬ್ಬಳೇ, ಯೋರುನ್. ನರಿಗಳಿಗೆ ಮೇವು ತರುವ ಲಾರಿಯ ಡ್ರೈವರ್. ಕರಾವಳಿಯ ಮೇವಿನ ಕಾರ್ಖಾನೆಯಲ್ಲಿ ಮೀನಿನ ತಲೆ, ಕಸಾಯಿಖಾನೆಯ ಉಳಿಕೆ, ಜವೆ ಎಲ್ಲ ಅರೆದು ಮಾಡಿದ ಬೂದುಬಣ್ಣದ ಗಂಜಿಯನ್ನು ತೊಟ್ಟಿಗೆ ಸುರಿದು ಹೋಗುವುದು ಅವಳ ಕೆಲಸ. ಹುಟ್ಟಿದಂದಿನಿಂದ ಕೇಳಿದ ಸದ್ದಾದ್ದರಿಂದ ಮೇ ತಿಂಗಳಲ್ಲೂ ಅವಳ ಲಾರಿಗೆ ನರಿಗಳು ಬೆಚ್ಚುತ್ತಿರಲಿಲ್ಲ. ಗಂಡನನ್ನು ಬಿಟ್ಟು ಮಗಳನ್ನು ಒಬ್ಬಳೇ ಸಾಕಿದ ಗಟ್ಟಿಗಿತ್ತಿ, ಬಾಯಿ ಜೋರು. ಲಾರಿಯ ಕೊಳವೆಯಿಂದ ಗಂಜಿ ಇಳಿಯುವಷ್ಟು ಹೊತ್ತು ಇಬ್ಬರೂ ಫ್ಲಾಸ್ಕಿನ ಕಾಫಿ ಕುಡಿಯುತ್ತ ನಿಲ್ಲುತ್ತಿದ್ದರು.

"ಏನಪ್ಪಾ ನರಿರಾಯ, ಇವತ್ತು ಎಷ್ಟು ಮಾತಾಡಿದೆ? ಹತ್ತಾದ್ರೂ ಆಯ್ತಾ?"

"ನೀನು ಬಂದ ಮೇಲೇ ಶುರು."

"ನನ್ ಪುಣ್ಯ! ನಾನು ಮೀನ್ ತಲೆ, ನೀನು ನರಿ ಉಚ್ಚೆ. ಈ ಊರಲ್ಲಿ ನಮ್ಮಿಬ್ರನ್ನ ಒಂದೇ ಕಾರಲ್ಲಿ ಕೂರಿಸ್ಬೇಕು ನೋಡು, ಬೇರೆಯೋರು ಬದುಕ್ಕೋತಾರೆ."

ಒಂದು ವಸಂತದಲ್ಲಿ ಟಾರಲ್ಡ್ ಧೈರ್ಯ ಮಾಡಿ ಅವಳನ್ನು ಗುರುವಾರದ ಊಟಕ್ಕೆ ಕರೆದ. ಎಲ್ಲರ ಮನೆಯಲ್ಲೂ ಗುರುವಾರ ಮಾಡುವ ಕೊಮ್ಲೆ: ಆಲೂಗೆಡ್ಡೆ ತುರಿದು ಕಟ್ಟಿದ ಉಂಡೆ, ಉಪ್ಪು ಹಾಕಿದ ಕುರಿಮಾಂಸ, ಕರಗಿಸಿದ ಬೆಣ್ಣೆ. ಅವಳು ಬೇರೆ ಅಂಗಿ ತೊಟ್ಟು, ಹಗ್ಗ ದಾಟಿ, ಮೆಲ್ಲಗೆ ನಡೆದು ಬಂದಳು. ಮೇ ತಿಂಗಳಾದ್ದರಿಂದ ಇಬ್ಬರೂ ಚಮಚದ ಸದ್ದಾಗದ ಹಾಗೆ ತಿಂದರು. ಕೊನೆಗೆ ಅವಳಿಗೆ ತಡೆಯಲಾಗಲಿಲ್ಲ. ಪಿಸುಮಾತಿನಲ್ಲಿ ಅಂದಳು:

"ನಿನ್ನ ಮನೇಲಿ ನಗೋಕೂ ಭಯ ಆಗತ್ತಪ್ಪ. ಎಲ್ಲಿ ನಾನು ನಕ್ಕು, ಅವು ಮರಿ ತಿಂದ್ಬಿಡ್ತವೋ ಅಂತ."

ಟಾರಲ್ಡ್ ನಕ್ಕ, ಸದ್ದಿಲ್ಲದೆ. ಕೇಳಬೇಕೆಂದಿದ್ದ ಮಾತನ್ನು ಕೇಳಲಿಲ್ಲ. ಮರಿಗಳೆಲ್ಲ ಹಾಲು ಬಿಟ್ಟ ಮೇಲೆ ಕೇಳೋಣವೆಂದುಕೊಂಡ. ಆಮೇಲೆ ಬೇಸಿಗೆಯ ಹುಲ್ಲಿನ ಕೆಲಸ ಬಂತು, ಅದರ ಹಿಂದೆಯೇ ಚಳಿಗಾಲ ಬಂತು. ವರ್ಷಗಳು ಹೋದವು. ಅವಳು ಲಾರಿ ತರುವುದನ್ನು ಬಿಡಲಿಲ್ಲ, ಇವನು ಕೇಳಲಿಲ್ಲ.

ಹೀಗಿರುವಾಗ ಒಂದು ಸಂಜೆ ಟೀವಿ ಸುದ್ದಿಯಲ್ಲಿ ನರಿಗಳ ಚಿತ್ರ ಬಂತು. ಪ್ರಾಣಿದಯೆಯ ಹುಡುಗರು ಯಾರಿಗೂ ಕಾಣದಂತೆ ಕೊಟ್ಟಿಗೆಗಳಿಗೆ ನುಗ್ಗಿ ತೆಗೆದ ಚಿತ್ರಗಳು. ಸುಮ್ಮನೆ ಒಂದೇ ಜಾಗದಲ್ಲಿ ಗಿರಗಿರನೆ ಸುತ್ತುವ ನರಿ, ಕಾಲು ಊನವಾದ ನರಿ. ಆಮೇಲೆ ಒಂದು ಹೆಣ್ಣುನರಿ, ಅದರ ಕಿವಿಯ ಬುಡ ಕೊಳೆತು ಕೆಂಪಗೆ ತೆರೆದುಕೊಂಡಿತ್ತು. ಬೆಳಕು ಬಿದ್ದರೂ ಅದು ಹಿಂದೆ ಸರಿಯಲಿಲ್ಲ. ಕ್ಯಾಮೆರಾ ಹಿಡಿದವರ ಹತ್ತಿರ ಬಂದು ತಂತಿಗೆ ಮೂತಿ ಒತ್ತಿತು.

ಹಾಗೆ ಮಾಡುವ ನರಿ ಯಾರ ಕೊಟ್ಟಿಗೆಯದೆಂದು ಯೇರನ್ ಬಯಲಿನಲ್ಲಿ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

ಬೆಳಗಾಗುತ್ತಲೇ ಟಾರಲ್ಡ್ ಒಂದೊಂದೇ ಪಂಜರ ನೋಡುತ್ತ ಹೋಗಿ ಅದನ್ನು ಕಂಡುಹಿಡಿದ. ಕಿವಿಯ ಆ ಬದಿ ಯಾವಾಗಲೂ ಗೋಡೆಯ ಕಡೆಗಿರುತ್ತಿತ್ತು. ಅವನು ನೋಡಿರಲಿಲ್ಲ. ದಿನಕ್ಕೆರಡು ಸಲ ಎದುರು ಹಾದುಹೋಗುವವನು ನೋಡಿರಲಿಲ್ಲ. ಗಾಯ ತೊಳೆದು ಔಷಧಿ ಹಚ್ಚಿದ, ಡಾಕ್ಟರನ್ನು ಕರೆಸಿದ, ಆದರೂ ಅದು ಉಳಿಯಲಿಲ್ಲ. ಸಿಗ್ನೆ ಆ ವಾರ ಫೋನು ಮಾಡಿದಳು.

"ಈ ಸಲ ಕ್ರಿಸ್‌ಮಸ್‌ಗೆ ನೀನು ಬರ್ದೇ ಇದ್ರೆ ಒಳ್ಳೇದೇನೋ ಕಣೋ. ನಾನೇನೂ ಅನ್ನಲ್ಲ. ಮಗಳು ಅದನ್ನ ನೋಡಿ ಊಟ ಬಿಟ್ಟು ಕೂತಿದಾಳೆ."

"ಆಗ್ಲಿ ಬಿಡು. ನರಿಗಳನ್ನ ಬಿಟ್ಟು ಬರೋಕೂ ಆಗಲ್ಲ" ಅಂದ ಟಾರಲ್ಡ್. ಅಷ್ಟು ವರ್ಷವೂ ಕ್ರಿಸ್‌ಮಸ್ ದಿನ ಮಾತ್ರ ಪಕ್ಕದೂರಿನ ಔದುನ್ ಬಂದು ಅವನ ನರಿಗಳಿಗೆ ಮೇವು ಹಾಕುತ್ತಿದ್ದ ಎಂಬುದು ಅವಳಿಗೂ ಗೊತ್ತಿತ್ತು.

ಔದುನ್ ಅವನ ಬಾಲ್ಯದ ಗೆಳೆಯ, ತಾನೂ ನರಿ ಸಾಕುವವನು, ಸಾಕುವವರ ಸಂಘದ ಮುಖಂಡ. ಭುಜ ಅಗಲ, ಕೋಪ ಮೂಗಿನ ತುದಿಯಲ್ಲಿ. ಚಿತ್ರ ಬಂದ ಮೇಲೆ ಸಂಘದ ಸಭೆಯಲ್ಲಿ ಅವನೇ ಟಾರಲ್ಡನನ್ನು ಎಬ್ಬಿಸಿ ನಿಲ್ಲಿಸಿದ. "ಹೇಳೋ ನೀನು, ನಿನಗಿಂತ ಚೆನ್ನಾಗಿ ನೋಡ್ಕೊಳ್ಳೋರು ಯಾರಿದಾರೆ?" ಟಾರಲ್ಡ್ ಎದ್ದು ನಿಂತು, ನಾವು ತಪ್ಪೇನೂ ಮಾಡುತ್ತಿಲ್ಲ, ಇವು ಕಾಡು ಕಂಡ ಪ್ರಾಣಿಗಳಲ್ಲ ಎಂದು ತನ್ನ ಮೆಲುದನಿಯಲ್ಲಿ ಹೇಳಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಜೀವಮಾನದಲ್ಲಿ ಅವನಿಗೆ ಬಿದ್ದ ಚಪ್ಪಾಳೆ ಅದೊಂದೇ.

ಚಪ್ಪಾಳೆಯಿಂದೇನೂ ಆಗಲಿಲ್ಲ. ರಾಜಧಾನಿ ಓಸ್ಲೋದಲ್ಲಿ ಕಾನೂನಾಯಿತು: ತುಪ್ಪಳಕ್ಕಾಗಿ ಪ್ರಾಣಿ ಸಾಕುವುದು ಇನ್ನು ಈ ದೇಶದಲ್ಲಿ ನಿಷಿದ್ಧ, ಕೆಲವು ವರ್ಷಗಳೊಳಗೆ ಎಲ್ಲರೂ ಮುಚ್ಚಬೇಕು, ಸರ್ಕಾರ ಪರಿಹಾರ ಕೊಡುತ್ತದೆ. ಟ್ರ್ಯಾಕ್ಟರ್ ಮೆರವಣಿಗೆ ಆಯಿತು, ಕೂಗಾಟ ಆಯಿತು. ಆಮೇಲೆ ಒಬ್ಬೊಬ್ಬರೇ ಬಾಗಿಲು ಹಾಕತೊಡಗಿದರು. ಯೋರುನ್ ಬರುವಾಗಲೆಲ್ಲ ಒಂದು ಹೆಸರು ತರುತ್ತಿದ್ದಳು: ಇವತ್ತು ಇಂಥವರದು ಮುಗೀತು, ನಾಳೆ ಇಂಥವರದು. ಕೊನೆಗೆ ಒಂದು ಶರತ್ಕಾಲದ ಬೆಳಿಗ್ಗೆ ಅವಳು ಕಾಫಿ ಸುರಿದುಕೊಳ್ಳದೆ ನಿಂತಳು.

"ಕಾರ್ಖಾನೆ ಮುಚ್ತಾರಂತೆ. ನಾಲ್ಕು ಮನೆಗೆ ಗಂಜಿ ಬೇಯಿಸೋಕೆ ಒಲೆ ಹಚ್ಚೋಕಾಗಲ್ಲ ಅಂತಿದಾರೆ. ಈ ವರ್ಷದ ಕೊನೆಗೆ."

"ಕಾನೂನು ಇನ್ನೂ ಗಡುವು ಕೊಟ್ಟಿದೆಯಲ್ಲ."

"ಕಾನೂನು ಗಡುವು ಕೊಡತ್ತೆ, ಗಂಜಿ ಕೊಡತ್ತೇನೋ?"

ಆ ವಾರವೇ ಔದುನ್ ಬಂದ. ಬೂಟು ಕಳಚದೆ ಅಡಿಗೆಮನೆಗೆ ಬಂದು ಕುರ್ಚಿ ಎಳೆದುಕೊಂಡ. ಅವನ ಮುಖದಲ್ಲಿ ಎಷ್ಟೋ ದಿನದ ಮೇಲೆ ಕಳೆ ಇತ್ತು. ಫಿನ್‌ಲ್ಯಾಂಡಿನಲ್ಲಿ ಇನ್ನೂ ನಿಷೇಧವಿಲ್ಲ. ಅಲ್ಲೊಬ್ಬನ ಜತೆ ಪಾಲುಗಾರಿಕೆ ಮಾತಾಡಿಬಂದಿದ್ದಾನೆ. ತಾನೂ ಅಲ್ಲಿಗೇ ಹೋಗುತ್ತಾನೆ. ನಮ್ಮ ಬಯಲಿನ ಒಳ್ಳೊಳ್ಳೆಯ ತಳಿಗಳನ್ನೆಲ್ಲ ಒಂದೇ ಲಾರಿಯಲ್ಲಿ ಸಾಗಿಸಬೇಕು, ಕಾಗದಪತ್ರ ಎಲ್ಲ ತಯಾರಿದೆ.

"ನಿನ್ನ ಹೆಣ್ಣುಗಳಿಗೇ ಅವರು ಬಾಯಿ ಬಿಟ್ಕೊಂಡು ಕೂತಿದಾರೆ ಕಣೋ. ಆ ಥರ ಸಾಧು ನರಿ ಅವರ ಹತ್ರ ಇಲ್ಲ. ಒಳ್ಳೇವನ್ನ ಆರಿಸಿಡು, ಶುಕ್ರವಾರ ಲಾರಿ ಬರತ್ತೆ."

ಟಾರಲ್ಡ್ ಕಾಫಿ ಪಾತ್ರೆಯನ್ನು ಒಲೆಯಿಂದ ಇಳಿಸಿದ. ಬಗ್ಗಿಸಲಿಲ್ಲ.

"ನಾನು ಕೊಡಲ್ಲ, ಔದುನ್."

"ಬೆಲೆ ಸಾಲ್ದೇನೋ?"

"ಬೆಲೆ ಮಾತಲ್ಲ."

"ಮತ್ತಿನ್ನೇನು? ಇಲ್ಲಿ ಕೊಂದು ಹಾಕೋ ಬದಲು ಅಲ್ಲಿ ಬದುಕ್ಲಿ ಬಿಡು."

"ಬದುಕೋದಾ ಅದು?" ಅಂದ ಟಾರಲ್ಡ್.

ಅಂದ ಮೇಲೆ ಅವನಿಗೇ ಗಾಬರಿಯಾಯಿತು. ಆ ಮಾತು ತನ್ನೊಳಗೆ ಎಷ್ಟು ಕಾಲದಿಂದ ಇತ್ತೆಂದು ಅವನಿಗೆ ಗೊತ್ತಿರಲಿಲ್ಲ. ಔದುನ್ ಅವನ ಮುಖವನ್ನೇ ನೋಡಿದ.

"ನಲವತ್ತು ವರ್ಷ ಅದರಲ್ಲೇ ಇಟ್ಟೋನು ನೀನು."

"ಹೌದು. ಇಟ್ಟೆ."

"ಸಭೆಯಲ್ಲಿ ಎದ್ದು ನಿಂತು ತಪ್ಪಲ್ಲ ಅಂದೋನೂ ನೀನೇ."

"ಅಂದೆ." ಟಾರಲ್ಡ್ ಮೇಜಿನ ಅಂಚು ಹಿಡಿದು ಮಾತು ಹುಡುಕಿದ. "ಅವು ನನ್ನನ್ನ ನಂಬ್ತವೆ ಔದುನ್. ನಂಬೋ ಹಾಗೆ ನಾನೇ ಮಾಡ್ದೆ. ಹೊರಗೆ ಹೋಗಕ್ಕೆ ಬಿಡದೋನನ್ನ ನಂಬೋ ಹಾಗೆ. ಅದನ್ನ ಇನ್ನೊಬ್ಬನ ಕೈಗೆ ಕೊಟ್ಟು, ಅವನು ಇನ್ನೊಂದು ನಲವತ್ತು ವರ್ಷ... ಇಲ್ಲ. ನಂದು ನನ್ನ ಹತ್ರಾನೇ ಮುಗೀಲಿ."

ಔದುನ್ ಎದ್ದ. ಬಾಗಿಲ ಹತ್ತಿರ ನಿಂತು, "ಟೀವಿ ಹುಡುಗರು ನಿನ್ನ ಹೆಸರು ಕೆಡಿಸಿದಾಗ ಯಾರೋ ನಿನ್ನ ಜತೆ ನಿಂತಿದ್ದು?" ಎಂದ. ಉತ್ತರಕ್ಕೆ ಕಾಯಲಿಲ್ಲ. ಅವನು ಎಳೆದುಕೊಂಡ ಬಾಗಿಲು ಮನೆಯೆಲ್ಲ ನಡುಗುವಂತೆ ಬಡಿಯಿತು. ಕೊಟ್ಟಿಗೆಯಲ್ಲಿ ನರಿಗಳು ಒಮ್ಮೆಲೇ ಕೂಗಿಕೊಂಡವು.

ಮಾತು ಊರು ಸುತ್ತಲು ಎರಡು ದಿನವೂ ಬೇಕಾಗಲಿಲ್ಲ. ಟಾರಲ್ಡನೂ ಆ ಪ್ರಾಣಿದಯೆಯವರ ಕಡೆಯಾದ ಎಂದರು ಸಾಕುವವರು. ಅಂಗಡಿಯಲ್ಲಿ ಎದುರಾದರೆ ಹಾಲಿನ ಡಬ್ಬಿಗಳನ್ನು ನೋಡುತ್ತ ನಿಲ್ಲುತ್ತಿದ್ದರು. ಇತ್ತ ಪತ್ರಿಕೆಯವನೊಬ್ಬ ಫೋನು ಮಾಡಿ, ನರಿ ಸಾಕುವವರೇ ಇದು ತಪ್ಪೆಂದು ಒಪ್ಪಿಕೊಂಡ ಸಂಗತಿಯನ್ನು ಬರೆಯುತ್ತೇನೆ, ಪಂಜರದ ಮುಂದೆ ನಿಂತು ಒಂದು ಚಿತ್ರ ಕೊಡಿ ಎಂದ. ಟಾರಲ್ಡ್ ಸುಮ್ಮನೆ ಫೋನು ಇಟ್ಟ. ಅವನಿಗೆ ಯಾರ ಕಡೆಗೂ ಹೋಗಬೇಕಿರಲಿಲ್ಲ. ಅತ್ತ ದರಿ, ಇತ್ತ ಪುಲಿ. ನಡುವೆ ನಿಂತವನಿಗೆ ನಿಲ್ಲಲು ಜಾಗವೇನೋ ಇತ್ತು, ಜತೆಗೆ ಯಾರೂ ಇರಲಿಲ್ಲ.

ಶುಕ್ರವಾರ ಲಾರಿ ಬಂತು, ಅವನ ತಿರುವಿನಲ್ಲಿ ನಿಲ್ಲದೆ ಮುಂದಕ್ಕೆ ಹೋಯಿತು.

ಡಿಸೆಂಬರಿನಲ್ಲಿ ಯೋರುನ್ ಕೊನೆಯ ಸಲ ಗಂಜಿ ತಂದಳು. ತೊಟ್ಟಿಯ ತಳದಲ್ಲಿ ಒಂದಿಷ್ಟು ಸುರಿದು ಕೊಳವೆ ಎತ್ತಿದಳು.

"ಇಷ್ಟು ಸಾಕಲ್ವಾ?"

"ಸಾಕು."

"ನನಗೆ ಶಾಲೆ ಬಸ್ಸು ಕೊಟ್ಟಿದಾರೆ. ಮಕ್ಕಳು. ಗಲಾಟೆ ಅಂದ್ರೆ ಗಲಾಟೆ." ಅವಳು ನಗಲು ನೋಡಿದಳು, ಆಗಲಿಲ್ಲ. "ನೀನು ಒಬ್ನೇ ಮಾಡ್ತೀಯೇನೋ? ಯಾರನ್ನಾದ್ರೂ ಕರ್ಕೋ."

"ಯಾರು ಬರ್ತಾರೆ? ಅಲ್ದೆ ಗುರುತಿಲ್ಲದೋರು ಬಂದ್ರೆ ಹೆದರ್ಕೋತವೆ."

ಒಬ್ಬನೇ ಮಾಡಿದ. ಸಿಳ್ಳೆ ಹಾಕಿ ಒಳಗೆ ಹೋದ, ಸಾಲಿನ ತುದಿಯಿಂದ ಶುರು ಮಾಡಿದ. ಅವು ಯಾವಾಗಲೂ ಬರುವ ಹಾಗೆ ಮುಂದಕ್ಕೆ ಬಂದವು. ಸಂಜೆಯ ಬೆಳಕು ಇರುವಾಗಲೇ ಎಲ್ಲ ಮುಗಿಯಿತು. ಆ ಸಲ ಅವನು ಚರ್ಮ ಸುಲಿಯಲಿಲ್ಲ. ಕಸದ ಲಾರಿ ಬಂದು ಒಯ್ದಿತು.

ಆಮೇಲಿನ ದಿನಗಳು ಹೇಗೆ ಕಳೆದವೆಂದರೆ, ಏನೂ ಹೇಳುವುದಕ್ಕಿಲ್ಲದ ಹಾಗೆ ಕಳೆದವು. ಬೆಳಿಗ್ಗೆ ಎಚ್ಚರವಾಗುತ್ತಿತ್ತು. ಟೊಪ್ಪಿ ಹಾಕಿಕೊಂಡು ಅಂಗಳಕ್ಕೆ ಇಳಿಯುತ್ತಿದ್ದ. ಕಾಲು ತಾನೇ ಕೊಟ್ಟಿಗೆಗೆ ಒಯ್ಯುತ್ತಿತ್ತು. ಖಾಲಿ ಪಂಜರಗಳ ನಡುವೆ ಒಂದು ಸುತ್ತು ಹೋಗಿ ತಿರುಗಿ ಬರುತ್ತಿದ್ದ. ರೇಡಿಯೋ ಹಾಕಿದರೆ ಮನೆ ಇನ್ನಷ್ಟು ಖಾಲಿಯೆನಿಸಿ ಆರಿಸುತ್ತಿದ್ದ. ಬೇಸಿಗೆಯಲ್ಲಿ ಕೊಟ್ಟಿಗೆಗಳನ್ನು ಕೆಡವಲು ಶುರು ಮಾಡಿದ. ಪರಿಹಾರದವರು ಯಂತ್ರ ಕಳಿಸುತ್ತೇವೆಂದಿದ್ದರು, ಬೇಡವೆಂದ. ತಂತಿ ಕತ್ತರಿಸಿ ಸುರುಳಿ ಸುತ್ತಿದ, ಹಲಗೆ ಕಿತ್ತು ಮೊಳೆ ತೆಗೆದು ಪೇರಿಸಿದ. ಕೆಲಸ ಬೇಗ ಮುಗಿಯದಿರಲಿ ಎಂಬಂತೆ ಒಂದೊಂದೇ.

ಯೋರುನ್‌ಳ ಬಸ್ಸು ಮಧ್ಯಾಹ್ನ ರಸ್ತೆಯಲ್ಲಿ ಹಾದು ಹೋಗುತ್ತಿತ್ತು. ಮೊದಮೊದಲು ಅವಳು ತಿರುವಿನಲ್ಲಿ ನಿಲ್ಲಿಸಿ ಕಿಟಕಿಯಿಂದ ಕೂಗುತ್ತಿದ್ದಳು: "ಬದುಕಿದೀಯೇನೋ?" ಒಳಗಿನ ಮಕ್ಕಳು ಕಿಸಕ್ಕನೆ ನಗುತ್ತಿದ್ದವು. ಅವನು ಕೈ ಎತ್ತುತ್ತಿದ್ದ. ಶರತ್ಕಾಲಕ್ಕೆ, ದೂರದ ಉತ್ತರದ ಊರೊಂದರಲ್ಲಿದ್ದ ಅವಳ ಮಗಳಿಗೆ ಕೂಸಾಯಿತು. ನೋಡಿಕೊಳ್ಳಲು ಅವಳೂ ಅಲ್ಲಿಗೇ ಹೋದಳು. ಹೋಗುವ ಮುನ್ನ ಅಂಗಳದವರೆಗೂ ಬಂದಿದ್ದಳು. ಆಗಲೂ ಅವನು ಹೇಳಬೇಕಾದ್ದನ್ನು ಹೇಳಲಿಲ್ಲ. ಅವಳು ಮಾತ್ರ, "ನೀನೊಂದು ಸಲ ಗಟ್ಟಿಯಾಗಿ ಕೂಗಿದ್ರೆ ಏನಾಗ್ತಿತ್ತೋ ಮಾರಾಯ" ಎಂದು ಅವನ ತೋಳು ಹಿಡಿದು ಅಲ್ಲಾಡಿಸಿ, ಕಾರು ಹತ್ತಿದಳು. ಬಸ್ಸಿಗೆ ಬೇರೆ ಡ್ರೈವರ್ ಬಂದ. ಅವನು ನಿಲ್ಲಿಸುತ್ತಿರಲಿಲ್ಲ.

ಒಂದು ದಿನ ಹಲ್ಲು ನೋವೆಂದು ಟಾರಲ್ಡ್ ರೈಲಿನಲ್ಲಿ ಸ್ತಾವಾಂಗರ್‌ಗೆ ಹೊರಟ. ಬ್ರೂನೆಯಲ್ಲಿ ಜನ ಹತ್ತಿದರು. ಮುಂದೆ ಎಷ್ಟೋ ಜಾಗ ಖಾಲಿ ಇದ್ದರೂ ಒಬ್ಬ ಮುದುಕಿ ಬಂದು ಅವನ ಪಕ್ಕದಲ್ಲೇ ಕುಳಿತಳು. ಚೀಲದಿಂದ ಹೆಣಿಗೆ ತೆಗೆದಳು. ಅವಳ ಮೊಣಕೈ ಆಗಾಗ ಅವನ ತೋಳಿಗೆ ತಾಗುತ್ತಿತ್ತು. ಟಾರಲ್ಡನಿಗೆ ಕಿಟಕಿಯ ಕಡೆ ನೋಡಬೇಕೋ, ಅವಳ ಕಡೆ ನೋಡಬೇಕೋ ತಿಳಿಯಲಿಲ್ಲ. ತನ್ನ ಮೈಯಿಂದ ಏನು ಹೋಗಿದೆ ಎಂದು ಹೊಳೆದಾಗ ಅವನಿಗೆ ಸಂತೋಷವಾಗಲಿಲ್ಲ. ಇನ್ನು ತನ್ನನ್ನು ಯಾರೂ ಗುರುತು ಹಿಡಿಯುವುದಿಲ್ಲವಲ್ಲ ಎನಿಸಿತು.

ಸಿಗ್ನೆಯ ಮನೆ ಹಲ್ಲಿನ ಡಾಕ್ಟರ ಬೀದಿಯಲ್ಲೇ ಇತ್ತು. ಅವನು ಅದರ ಮುಂದೆ ಎರಡು ಸಲ ಹಾದುಹೋದ. ಮೂರನೆಯ ಸಲ ಗಂಟೆ ಒತ್ತಿದ. ಮನೆಯಲ್ಲಿ ಯಾರೂ ಇರಲಿಲ್ಲ.

ಮುಂದಿನ ಚಳಿಗಾಲದ ಒಂದು ಭಾನುವಾರ ಮಧ್ಯಾಹ್ನ ಫೋನು ಬಂತು. ದೂರದ ನಂಬರು. ಎತ್ತಿದರೆ ಔದುನ್‌ನ ದನಿ, ಕುಗ್ಗಿದ ದನಿ.

"ನಾನು ಕಣೋ."

"ಗೊತ್ತಾಯ್ತು."

"ಸುಮ್ನೆ ಮಾಡ್ದೆ. ಇಲ್ಲಿ... ಇಲ್ಲಿ ಮಾತಾಡೋಕೆ ಯಾರೂ ಇಲ್ಲ. ಈ ಜನರ ಭಾಷೆ ನನ್ನ ನಾಲಿಗೆಗೆ ಹತ್ತಲ್ಲ. ಪಾಲುಗಾರ ದಿನಕ್ಕೆ ಎರಡು ಮಾತಾಡ್ತಾನೆ, ಅದೂ ನರಿ ಜತೆ." ಆಮೇಲೆ, "ಇಲ್ಲೂ ಶುರುವಾಗಿದೆ. ಟೀವಿ, ಚರ್ಚೆ, ಕಾನೂನು ಮಾಡ್ಬೇಕು ಅಂತ" ಎಂದ.

ಟಾರಲ್ಡ್ ಗೆದ್ದವನಂತೆ ಏನಾದರೂ ಅನ್ನಬಹುದೆಂದು ಔದುನ್ ಕಾಯುತ್ತಿರಬೇಕು. ಟಾರಲ್ಡನಿಗೆ ಹಾಗೆಲ್ಲ ಅನಿಸಲೇ ಇಲ್ಲ. ಹಿಮ ಬಿದ್ದ ಯಾವುದೋ ಬಯಲಿನಲ್ಲಿ, ಅಗಲ ಭುಜದ ಆ ಮನುಷ್ಯ ಫೋನು ಹಿಡಿದು ಒಬ್ಬನೇ ಕೂತಿರುವುದು ಮಾತ್ರ ಕಣ್ಣಿಗೆ ಕಂಡಿತು.

"ಬೆನ್ನು ನೋವು ಹೇಗಿದೆ?" ಎಂದು ಕೇಳಿದ.

"ಹಾಗೇ ಇದೆ. ಚಳಿಗೆ ಜಾಸ್ತಿ."

"ಕುರಿ ಉಣ್ಣೆ ಪಟ್ಟಿ ಕಟ್ಕೋ."

"ಕಟ್ಕೋತೀನಿ. ಸರಿ ಹಾಗಾದ್ರೆ" ಎಂದು ಔದುನ್ ಫೋನು ಇಟ್ಟ. ಕ್ಷಮೆಯ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ.

ಮರು ಭಾನುವಾರ ಟಾರಲ್ಡ್ ಆಲೂಗೆಡ್ಡೆ ಬೇಯಲಿಟ್ಟು ಫೋನನ್ನು ಮೇಜಿನ ಮೇಲಿಟ್ಟುಕೊಂಡು ಕೂತ. ಆಲೂಗೆಡ್ಡೆ ಬೆಂದವು, ನೀರು ಬಸಿದ, ಫೋನು ಸುಮ್ಮನೇ ಇತ್ತು. ಕಡೆಗೆ ಕನ್ನಡಕ ಏರಿಸಿಕೊಂಡು, ಹಿಂದಿನ ವಾರದ ಆ ಉದ್ದನೆಯ ನಂಬರನ್ನು ಹುಡುಕಿ ತಾನೇ ಒತ್ತಿದ. ಹೊರದೇಶಕ್ಕೆ ಅವನು ಯಾವತ್ತೂ ಫೋನು ಮಾಡಿದವನಲ್ಲ. ಗಂಟೆ ಹೋಗುತ್ತಲೇ ಇತ್ತು. ಇಟ್ಟುಬಿಡೋಣ ಅನ್ನುವಷ್ಟರಲ್ಲಿ ಆ ಕಡೆ ಔದುನ್ ಎತ್ತಿದ.

"ಏನ್ ತಿಂದೆ ಇವತ್ತು?" ಎಂದ ಟಾರಲ್ಡ್.

"ಏನಂದೆ? ಕೇಳಿಸ್ತಿಲ್ಲ, ಜೋರಾಗಿ ಹೇಳು."

ಟಾರಲ್ಡ್ ಗಂಟಲು ಸರಿಮಾಡಿಕೊಂಡು ಮತ್ತೆ ಕೇಳಿದ.